ಹಿಂದಿನ ಅಚ್ಚಿಗೆ ಮೂರೇ ಸಾಕು

ತಂಗಿ ಕಟ್ಟುತ್ತಿದ್ದ ಕಾರಿಗೆ ಛಾವಣಿಯೇ ಬರುವುದಿಲ್ಲ ಎಂದು ತಿಳಿದ ದಿನ ನನಗೆ ಅದರ ಭಯ ಹತ್ತಿಕೊಂಡಿತು. ಅಲ್ಲಿಯವರೆಗೆ ಅದನ್ನು ಮುಗಿಯದ ಕೆಲಸ ಎಂದುಕೊಂಡಿದ್ದೆ. ಇವತ್ತಲ್ಲ ನಾಳೆ ಮೇಲೆ ಮುಚ್ಚಳ ಬರುತ್ತದೆ, ಪಕ್ಕಕ್ಕೆ ಗಾಜು ಬರುತ್ತದೆ, ಕೊನೆಗೆ ಉಳಿದವರ ಕಾರಿನ ಹಾಗೆ ಕಾಣುತ್ತದೆ ಎಂದು ಕಾದಿದ್ದೆ.

“ಇಷ್ಟೇ ಕಣೇ ಅಕ್ಕ. ಹಾಟ್ ರಾಡ್ ಅಂದ್ರೆ ಹಿಂಗೇ ಇರೋದು,” ಎಂದಳು. “ಹಳೇ ಕಾರು ತಗೊಳ್ಳೋದು, ಬೇಡದ್ದೆಲ್ಲ ಕಿತ್ತು ಹಾಕೋದು, ಎಂಜಿನ್ನು ಜೋರು ಮಾಡೋದು.”

“ತಲೆ ಮೇಲಿನ ತಗಡು ಬೇಡದ್ದಾ?”

“ನಿಂಗೆ ಬೇಕಿದ್ರೆ ಕೊಡೆ ಹಿಡ್ಕೊಂಡು ಕೂತ್ಕೋ.”

ನಾವಿಬ್ಬರೂ ಅಮೆರಿಕದ ಮಿಲ್ಪಿಟಾಸ್‌ನ ಒಂದು ಟೌನ್‌ಹೌಸಿನಲ್ಲಿದ್ದೇವೆ. ನಾನು ಮದುವೆಯಾಗಲಿಲ್ಲ. ಅವಳು ಆದಳು, ಬಿಟ್ಟಳು, ಆ ಮಾತನ್ನು ಎತ್ತುವುದಿಲ್ಲ. ಅವಳು ಇಲ್ಲಿಯದೇ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಸರ್ಕ್ಯೂಟುಗಳನ್ನು ಪರೀಕ್ಷಿಸಿ ನಿವೃತ್ತಳಾದವಳು. ಯಾವ ವಸ್ತುವನ್ನಾದರೂ ಕೆಟ್ಟುಹೋಗುವವರೆಗೆ ದುಡಿಸಿ ನೋಡುವುದೇ ಅವಳ ಉದ್ಯೋಗವಾಗಿತ್ತು. ನಾನು ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡವೊಂದರ ಮೇಲಿನ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸಾಗಿದ್ದೆ.

ಕಲಿತದ್ದು ಮೈಸೂರಿನಲ್ಲಿ. ನಮ್ಮ ಹಾಸ್ಟೆಲಿನಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಹಾಸಿಗೆಯ ಮೂಲೆ ಸರಿಯಾಗಿ ಮಡಚಿರದಿದ್ದರೆ ಮೇಟ್ರನ್ನರು ಹೊದಿಕೆಯನ್ನೆಲ್ಲ ಎಳೆದು ನೆಲಕ್ಕೆ ಹಾಕುತ್ತಿದ್ದರು. ಥಿಯೇಟರಿನೊಳಗೆ ಇನ್ನೂ ಬಿಗಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬಾಯಿಬಿಟ್ಟು ತಿರುಗಿ ಹೇಳಬೇಕು. “ಕತ್ತರಿ” ಎಂದರೆ “ಕತ್ತರಿ” ಎಂದು ಹೇಳಿಯೇ ಕೈಗೆ ಕೊಡಬೇಕು. ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ. ಈಗಲೂ ಮನೆಯಲ್ಲಿ “ಒಲೆ ಆರಿಸಿದೆ” ಎಂದು ನಾನು ಹೇಳಿದರೆ ತಂಗಿ ಎಲ್ಲಿದ್ದರೂ “ಆರಿಸಿದೆ” ಎನ್ನಬೇಕು. ಗೊಣಗುತ್ತಲೇ ಹೇಳುತ್ತಾಳೆ.

ಸ್ಯಾನ್ ಫ್ರಾನ್ಸಿಸ್ಕೋದ ಥಿಯೇಟರಿಗೆ ಫ್ರೀವೇಯ ಅಪಘಾತಗಳಿಂದ ಬರುತ್ತಿದ್ದವರನ್ನು ನಾನು ಬಹಳ ವರ್ಷ ನೋಡಿದ್ದೇನೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವರ ಬಟ್ಟೆಯನ್ನು ಕತ್ತರಿಸಿ ತೆಗೆಯುವುದು ಎಷ್ಟೋ ಸಲ ನನ್ನ ಪಾಲಿಗೆ ಬರುತ್ತಿತ್ತು ಎಂದರೆ ಸಾಕು. ಹಾಗಾಗಿ ಈ ಕಾರು ಓಡಿಸಲೆಂದು ತಂಗಿ ಕಪ್ಪು ಚರ್ಮದ ಜಾಕೆಟ್ಟು ಕೊಂಡು ತಂದು, ಹಾಕಿಕೊಂಡು, ಕನ್ನಡಿಯ ಮುಂದೆ ತಿರುಗಿ “ಹೆಂಗಿದೆ ಅಕ್ಕ?” ಎಂದಾಗ ನಾನು ನೋಡುತ್ತಿದ್ದದ್ದು ಅದರ ಹೊಲಿಗೆಯನ್ನು. ತೋಳಿನ ಹತ್ತಿರ ಕತ್ತರಿ ಎಲ್ಲಿಂದ ಹೋಗುತ್ತದೆ ಎಂದು ನನ್ನ ಕಣ್ಣು ತಾನಾಗಿಯೇ ಹುಡುಕುತ್ತಿತ್ತು. ಚೆನ್ನಾಗಿದೆ ಎಂದೆ. ಅಡುಗೆಮನೆಗೆ ಹೋಗಿ ಕುಕ್ಕರಿನ ಮುಚ್ಚಳವನ್ನು ಸುಮ್ಮನೆ ಎರಡು ಸಲ ತೊಳೆದೆ.

ನನಗೆ ಇರುವವಳು ಅವಳೊಬ್ಬಳೇ.

ಕಾರಿನ ಉಳಿದ ಕೆಲಸವೆಲ್ಲ ಮುಗಿದು ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಅಚ್ಚು ಮಾತ್ರ ಬಾಕಿ ಉಳಿಯಿತು. ಗುಜರಿಯಿಂದ ತಂದಿದ್ದ ಅಚ್ಚಿನೊಳಗಿನ ಚಕ್ರದ ಹಲ್ಲುಗಳು ಉದುರಿದ್ದವು. ಊರಾಚೆ ಅಚ್ಚಿನ ಕೆಲಸವನ್ನೇ ಮಾಡುವ ಅಂಗಡಿಯೊಂದಿದೆ ಎಂದು ತಂಗಿಗೆ ಯಾರೋ ಹೇಳಿದ್ದರು. ಹೋದರೆ ಅದರ ಯಜಮಾನರು ಹುಬ್ಬಳ್ಳಿಯ ಕಡೆಯ ಸಾಹೇಬರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಕೈ ಒರೆಸಿಕೊಂಡು ಹೊರಗೆ ಬಂದರು.

“ಬರ್ರಿ ಬರ್ರಿ, ಅಕ್ಕಾರ. ಕನ್ನಡ ಕೇಳಿ ಎಷ್ಟ ದಿನಾತು! ಕುಂದರ್ರಿ. ಚಹಾ ತಗೋತೀರಲ್ಲ?”

ಚಹಾ ಬರುವ ಮೊದಲೇ ಮೇಜಿನ ಮೇಲೆ ಎರಡು ಜೋಡಿ ಹಲ್ಲಿನ ಚಕ್ರಗಳನ್ನು ತಂದಿಟ್ಟರು. ಪ್ರತಿ ಜೋಡಿಯಲ್ಲೂ ತಟ್ಟೆಯಷ್ಟು ದೊಡ್ಡದೊಂದು, ಮುಷ್ಟಿಯಷ್ಟು ಚಿಕ್ಕದೊಂದು. ದೊಡ್ಡದು ರಸ್ತೆಯ ಚಕ್ರಗಳನ್ನು ತಿರುಗಿಸುತ್ತದೆ. ಚಿಕ್ಕದನ್ನು ಎಂಜಿನ್ನಿನ ಕಡೆಯಿಂದ ಬರುವ ದಂಡ ತಿರುಗಿಸುತ್ತದೆ. ಮೊದಲ ಜೋಡಿಯಲ್ಲಿ ದೊಡ್ಡದು ಒಂದು ಸುತ್ತು ಬರಲು ಚಿಕ್ಕದನ್ನು ಮೂರು ಸಲ ತಿರುಗಿಸಿದರು. ಎರಡನೆಯದರಲ್ಲಿ ನಾಲ್ಕು ದಾಟಿ ಸ್ವಲ್ಪ.

“ಇಷ್ಟ ನೋಡ್ರಿ ವಿಷಯ. ಮೂರರದು ಹಾಕಿದ್ರ ಫ್ರೀವೇದಾಗ ಎಂಜಿನ್ ಆರಾಮ್ ಇರ್ತದ, ಸಪ್ಪಳ ಕಡಿಮಿ. ಆದ್ರ ನಿಂತ ಜಾಗಾದಿಂದ ಏಳಾಕ ಒದ್ದಾಡ್ತದ. ನಾಲ್ಕರದು ಹಾಕಿದ್ರ ಕಾಲ ಇಟ್ಟ ಕೂಡಲೇ ಜಿಗೀತದ, ಆದ್ರ ಫ್ರೀವೇದಾಗ ಒದರ್ತದ. ನಿಮ್ಮ ಗಾಡಿ ಎಲ್ಲಿ ಓಡ್ತದ, ಅದನ್ನ ಹೇಳ್ರಿ ಮೊದಲ.”

“ಎಲ್ಲಾ ಕಡೆ,” ಎಂದಳು ತಂಗಿ.

“ಗ್ರೋಸರಿಗೆ,” ಎಂದೆ ನಾನು.

ಸಾಹೇಬರು ನಮ್ಮಿಬ್ಬರ ಮುಖವನ್ನೂ ನೋಡಿದರು. “ನಡುವಿಂದೂ ಒಂದ ಅದ. ಮೂರೂವರಿ.”

“ಬೇಡ ಸಾರ್, ನಂಗೆ ನಾಲ್ಕೇ ಬೇಕು. ಜಿಗೀಬೇಕು ಅಂತಾನೇ ಅಲ್ವಾ ಇಷ್ಟು ವರ್ಷ ಕಟ್ಟಿದ್ದು?”

ಜಿಗಿಯುತ್ತದೆ ಎಂಬ ಮಾತು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಒದರುವ ಎಂಜಿನ್ನು, ಛಾವಣಿಯಿಲ್ಲದ ಕಾರು, ಜಾಕೆಟ್ಟಿನ ತೋಳು. ಮೂರು ಎಂದರೆ ಆರಾಮು, ಸಪ್ಪಳ ಕಡಿಮೆ. ನನಗೆ ಬೇಕಿದ್ದದ್ದು ಅಷ್ಟೇ. ಆದರೆ ಭಯ ಎಂದು ಬಾಯಿಬಿಟ್ಟು ಹೇಳಲು ಆಗಲಿಲ್ಲ. “ಯಾವುದರಲ್ಲಿ ಮೈಲೇಜು ಜಾಸ್ತಿ ಬರುತ್ತೆ?” ಎಂದು ಕೇಳಿದೆ.

ಸಾಹೇಬರು ಚಹಾದ ಲೋಟ ಕೆಳಗಿಟ್ಟು ನಕ್ಕರು. “ನಮ್ಮ ಮಂದಿ ಯಾರ ಬಂದ್ರೂ ಮೈಲೇಜ್ ಕೇಳ್ತಾರ್ರಿ, ಅಕ್ಕಾರ. ವ್ಯಾನಿಗೆ ಕೇಳ್ತಾರ, ಲಾರಿಗೆ ಕೇಳ್ತಾರ. ಹಾಟ್ ರಾಡಿಗೆ ಕೇಳಿದವರು ನೀವ ಮೊದಲನೇದವರು.”

“ಬರುತ್ತಾ ಇಲ್ವಾ?”

“ಬರ್ತದ. ಮೂರರಾಗ ಬರ್ತದ.”

“ಹಾಗಾದರೆ ಮೂರೇ ಸಾಕು.”

ತಂಗಿ ಅಂಗಡಿಯಲ್ಲಿ ಎದುರಾಡಲಿಲ್ಲ. ಹೊರಗಿನವರ ಮುಂದೆ ಅಕ್ಕನ ಮಾತನ್ನು ತೆಗೆದುಹಾಕುವುದು ನಮ್ಮಿಬ್ಬರಲ್ಲಿ ಚಿಕ್ಕಂದಿನಿಂದಲೂ ಇಲ್ಲ. ಮನೆಗೆ ಬಂದು ಜಗಳವಾಡುತ್ತಾಳೆ ಎಂದು ನಾನು ಸಿದ್ಧವಾಗಿದ್ದೆ. ಅವಳು ಚಪ್ಪಲಿ ಬಿಟ್ಟು ಸೋಫಾದ ಮೇಲೆ ಕೂತು, “ಆಯ್ತು ಮಾರಾಯ್ತಿ, ನಿನ್ನ ಮೂರೇ ಹಾಕ್ಸೋಣ,” ಎಂದಳು. “ಆದ್ರೆ ಒಂದು ಕಂಡೀಷನ್ನು. ಫಸ್ಟ್ ಟೈಮ್ ಹೊರಗೆ ತೆಗೆದಾಗ ನೀನು ಪಕ್ಕದಲ್ಲಿ ಕೂರ್ಬೇಕು. ಅಷ್ಟು ವರ್ಷ ಬಸ್ಸಲ್ಲಿ ನೇತಾಡ್ಕೊಂಡು ಹೋದ್ಯಲ್ಲ, ನಿನ್ನ ಆಸ್ಪತ್ರೆ ಮುಂದೆ ಹಾಟ್ ರಾಡಲ್ಲಿ ಇಳಿಸ್ತೀನಿ.”

ಬೇಡ ಎನ್ನಲು ನನಗೆ ದಾರಿ ಉಳಿದಿರಲಿಲ್ಲ. ನಾನು ಕೇಳಿದ್ದನ್ನು ಅವಳು ಕೊಟ್ಟಿದ್ದಳು.

ಮೂರರ ಚಕ್ರ ಹಾಕಿಸಿ ಅಚ್ಚು ಕೂಡಿಸಿದ್ದಾಯಿತು. ಮುಂಭಾಗಕ್ಕೆ ಕುಂಕುಮ ಇಟ್ಟು, ಟೈರುಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ನನ್ನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಇನ್ನೊಂದನ್ನೂ ಇಟ್ಟೆ: ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿದ್ದ ದಪ್ಪ ಮರದ ತುಂಡು. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯ ಮೇಲಿಂದ ಊಟಿಗೆ ಹೋಗುವಾಗ ಘಾಟಿಯಲ್ಲಿ ಲಾರಿಗಳು ನಿಂತರೆ ಕ್ಲೀನರ್ ಅಂಥದೊಂದನ್ನು ಹಿಡಿದು ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಅಡ್ಡ ಕೊಡುತ್ತಿದ್ದ. ಬಸ್ಸಿನ ಕಿಟಕಿಯಿಂದ ನಾವಿಬ್ಬರೂ ಅದನ್ನು ನೋಡುತ್ತಿದ್ದೆವು. ನನಗೆ ಆಗಲೂ ಕಾಣಿಸುತ್ತಿದ್ದದ್ದು ಲಾರಿಯಲ್ಲ, ಚಕ್ರದ ಕೆಳಗೆ ಹೋಗುವ ಅವನ ಕೈ.

“ಇದೇನೇ ಇದು? ಸೌದೆ ಒಲೆ ಹಚ್ತೀಯಾ ದಾರೀಲಿ?”

“ಇರಲಿ.”

“ಅಮೆರಿಕದಲ್ಲಿರೋ ಒಬ್ಬಳೇ ಲಾರಿ ಕ್ಲೀನರ್ ನೀನು.”

ಭಾನುವಾರ ಬೆಳಿಗ್ಗೆ ಹೊರಟೆವು. ಫ್ರೀವೇಯ ಮೇಲೆ ಎಂಜಿನ್ನು ಸಾಹೇಬರು ಹೇಳಿದ ಹಾಗೆಯೇ ಆರಾಮಾಗಿತ್ತು. ನಾನು ಆರಾಮಾಗಿರಲಿಲ್ಲ. ಪಕ್ಕದಲ್ಲಿ ಹೋಗುವ ಲಾರಿಯ ಚಕ್ರ ನನ್ನ ಭುಜದ ಎತ್ತರಕ್ಕಿತ್ತು. ಗಾಳಿಗೆ ಕಣ್ಣು ಬಿಡಲಾಗದೆ, ಮುಚ್ಚಲು ಧೈರ್ಯವಿಲ್ಲದೆ, ಮರದ ತುಂಡನ್ನು ಎರಡು ಪಾದಗಳ ನಡುವೆ ಒತ್ತಿಕೊಂಡು ಕುಳಿತಿದ್ದೆ. ಆದರೂ ಮೂರು ಹೇಳಿದ್ದು ಒಳ್ಳೆಯದಾಯಿತು ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಆಸ್ಪತ್ರೆಯ ಬೀದಿಗೆ ತಿರುಗಿದಾಗ ಆ ಅನಿಸಿಕೆ ಹೋಯಿತು. ಆ ಗುಡ್ಡವನ್ನು ನಾನು ಬಸ್ಸಿನಲ್ಲಿ ಹತ್ತಿದ್ದೇನೆ, ನಡೆದು ಹತ್ತಿದ್ದೇನೆ. ಅಷ್ಟು ಕಡಿದು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಕಾರಿನ ಮೂತಿ ಆಕಾಶ ನೋಡತೊಡಗಿತು. ಅರ್ಧ ಏರಿನಲ್ಲಿ ಅಡ್ಡರಸ್ತೆ, ಅಲ್ಲಿ ನಿಲ್ಲಬೇಕೆಂಬ ಕೆಂಪು ಫಲಕ. ತಂಗಿ ನಿಲ್ಲಿಸಿದಳು. ಹಿಂದೆ ಸಿಟಿ ಬಸ್ಸೊಂದು ಬಂದು ನಿಂತಿತು. ತಿರುಗಿ ನೋಡಿದರೆ ಅದರ ಗಾಜಿನೊಳಗೆ ಚಾಲಕಿಯ ಮುಖ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರ.

ತಂಗಿ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ಒತ್ತಿ ಕ್ಲಚ್ಚು ಬಿಟ್ಟಳು. ಕಾರು ಒಂದು ಸಲ ನಡುಗಿ ಆರಿಹೋಯಿತು. ಹಿಂದಕ್ಕೆ ಜಾರಿತು. ಬ್ರೇಕು. ಮತ್ತೆ ಹೊತ್ತಿಸಿದಳು, ಮತ್ತೆ ನಡುಕ, ಮತ್ತೆ ಆರಿತು, ಮತ್ತೆ ಜಾರಿತು. ಬಸ್ಸು ಹಾರ್ನ್ ಹೊಡೆಯಿತು. ಹ್ಯಾಂಡ್ ಬ್ರೇಕು ಎಳೆದರೆ ಅದು ಹಿಡಿಯುವಷ್ಟು ಬಿಗಿಯಾಗಿರಲಿಲ್ಲ; ಈ ಏರಿಗೆ ಅವಳೂ ಅದನ್ನು ಪರೀಕ್ಷಿಸಿರಲಿಲ್ಲ. ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಬಂತು. ಅವಳ ಬಲಗಾಲು ಬ್ರೇಕಿನ ಮೇಲೆ ನಡುಗುತ್ತಿತ್ತು.

“ಅಕ್ಕಾ, ಕಾಲು ಸೋಲ್ತಾ ಇದೆ ಕಣೇ.”

ಅವಳು ಹಾಗೆ ಹೇಳಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಕೈ ಹಳೆಯ ಕೆಲಸಕ್ಕೆ ತಾನಾಗಿ ಹೋಯಿತು. ಮರದ ತುಂಡು ಎತ್ತಿಕೊಂಡು ಬಾಗಿಲು ತೆಗೆದೆ.

“ಬ್ರೇಕು ಹಿಡಿ.”

“ಹಿಡಿದಿದ್ದೀನಿ.”

“ತಿರುಗಿ ಹೇಳು. ಬ್ರೇಕು ಹಿಡಿ.”

“ಬ್ರೇಕು ಹಿಡಿ! ಹಿಡಿದಿದ್ದೀನಿ!”

ಇಳಿದು ಹಿಂದಿನ ಚಕ್ರದ ಬಳಿ ಮಂಡಿಯೂರಿದೆ. ಒಂದು ಕಡೆ ನಡುಗುವ ಕಾಲು ಹಿಡಿದಿರುವ ಕಾರು, ಇನ್ನೊಂದು ಕಡೆ ಬಸ್ಸಿನ ಮೂತಿ. ಮರವನ್ನು ಟೈರಿಗೆ ಒತ್ತಿದೆ. ಟೈರು ಬಿಸಿಯಾಗಿತ್ತು. ನನ್ನ ಬೆರಳುಗಳನ್ನು ನೋಡಿ ಲಾರಿಯ ಕ್ಲೀನರನ ಕೈ ನೆನಪಾಯಿತು. ಎದ್ದು ಪಕ್ಕಕ್ಕೆ ಸರಿದೆ.

“ಅಡ್ಡ ಕೊಟ್ಟೆ.”

“ಅಡ್ಡ ಕೊಟ್ಟೆ!”

“ಬ್ರೇಕು ಬಿಡು.”

“ಬ್ರೇಕು ಬಿಟ್ಟೆ!”

ಕಾರು ಮರದ ಮೇಲೆ ಕುಳಿತು ಕಿರ್ರೆಂದಿತು. ನಿಂತಿತು. ಈಗ ಅವಳ ಎರಡು ಕಾಲೂ ಬಿಡುವಾಗಿದ್ದವು. ಎಂಜಿನ್ನನ್ನು ಕಿರುಚುವಷ್ಟು ಏರಿಸಿ ಕ್ಲಚ್ಚು ಬಿಟ್ಟಳು. ಹೊಗೆ ಎದ್ದಿತು, ಕಾರು ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಮುಂದಕ್ಕೆ ಹೋಯಿತು. ನಿಲ್ಲಿಸಿದರೆ ಮತ್ತೆ ಅದೇ ಕಥೆ ಎಂದು ನಿಲ್ಲಿಸಲಿಲ್ಲ. ನನ್ನನ್ನು ರಸ್ತೆಯ ಮೇಲೆಯೇ ಬಿಟ್ಟು ಗುಡ್ಡದ ನೆತ್ತಿ ದಾಟಿ ಮರೆಯಾದಳು.

ಆಮೇಲೆ ಸದ್ದು ನಿಂತಿತು.

ಮರದ ತುಂಡನ್ನು ಎದೆಗವಚಿಕೊಂಡು ನಾನು ಏರು ಹತ್ತಿದೆ. ಆ ನಡಿಗೆಯಷ್ಟು ಹೆದರಿಕೆ ನನಗೆ ಬೇರೆ ಯಾವಾಗಲೂ ಆಗಿಲ್ಲ. ನೆತ್ತಿಯ ಆಚೆ ಏನಾಗಿದೆ ಎಂದು ಕಾಣುತ್ತಿರಲಿಲ್ಲ. ಎಂಜಿನ್ನು ಆರಿದ್ದು ಅವಳು ಆರಿಸಿದ್ದಕ್ಕೋ, ಇನ್ನೇತಕ್ಕೋ. ಅಷ್ಟರಲ್ಲಿ ಆಂಬುಲೆನ್ಸೊಂದು ಸೈರನ್ ಹಾಕಿಕೊಂಡು ನನ್ನ ಪಕ್ಕದಿಂದ ಮೇಲಕ್ಕೆ ಹೋಯಿತು. ಅದು ಕೆಳಗಿನಿಂದ ಬಂದದ್ದು, ಒಳಗಿರುವವರು ಬೇರೆ ಯಾರೋ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡಿದೆ. ಜಾಕೆಟ್ಟಿನ ಹೊಲಿಗೆ ಕಣ್ಣ ಮುಂದೆ ಬಂತು. ಯಾವ ಬಾಗಿಲಿನಿಂದ ಅವಳನ್ನು ಒಳಗೆ ಒಯ್ಯುತ್ತಾರೆ, ಯಾವ ಲಿಫ್ಟು, ಯಾವ ಕಾರಿಡಾರು, ಎಲ್ಲವೂ ನನಗೆ ಬಾಯಿಪಾಠ.

ನೆತ್ತಿಯ ಮೇಲೆ, ಆಸ್ಪತ್ರೆಯ ಎದುರಿನ ಸಮತಟ್ಟಿನಲ್ಲಿ, ಕಾರು ನೆಟ್ಟಗೆ ನಿಂತಿತ್ತು. ತಂಗಿ ಸ್ಟೀರಿಂಗನ್ನು ಎರಡು ಕೈಯಲ್ಲೂ ಹಿಡಿದು ಮುಂದೆ ನೋಡುತ್ತಿದ್ದಳು. ನಾನು ಹತ್ತಿ ಕೂತರೂ ತಿರುಗಲಿಲ್ಲ.

“ಇಲ್ಲಿ ಇಳಿಸ್ತೀನಿ ಅಂದಿದ್ದೆ,” ಎಂದಳು ಕೊನೆಗೆ. “ನೀನು ನಡ್ಕೊಂಡೇ ಬಂದೆ.”

ನಗಲು ನೋಡಿದಳು, ಆಗಲಿಲ್ಲ. ಏರಿಲ್ಲದ ಬೀದಿಗಳನ್ನು ಹುಡುಕಿಕೊಂಡು ಸುತ್ತಿ ಬಳಸಿ ಮನೆಗೆ ಬಂದೆವು. ಕಾರಿಗೆ ಹೊದಿಕೆ ಎಳೆದು ಒಳಗೆ ಹೋಗಿ ಮಲಗಿದಳು.

ಮಾರನೆಯ ದಿನವೂ ಹೊದಿಕೆ ತೆಗೆಯಲಿಲ್ಲ. ಆ ವಾರವಿಡೀ ತೆಗೆಯಲಿಲ್ಲ. ನನ್ನ ಜೊತೆ ಗ್ರೋಸರಿಗೆ ಬಂದಳು, ತರಕಾರಿ ಹೆಚ್ಚಿಕೊಟ್ಟಳು. “ಒಲೆ ಆರಿಸಿದೆ” ಎಂದರೆ ಗೊಣಗದೆ “ಆರಿಸಿದೆ” ಎಂದಳು. ಒಂದು ಮಧ್ಯಾಹ್ನ ಊಟ ಮಾಡುತ್ತ, “ಮಾರಿಬಿಡೋಣ ಅಕ್ಕ ಅದನ್ನ. ನೀನು ಹೇಳಿದ್ದೇ ಸರಿ. ಈ ವಯಸ್ಸಿಗೆ ಯಾಕೆ?” ಎಂದಳು.

ನಾನು ಬಯಸಿದ್ದ ಮಾತೇ ಅದು. ಕೇಳಿ ನನಗೆ ನೆಮ್ಮದಿಯಾಗಬೇಕಿತ್ತು. ತಟ್ಟೆಯ ಅಂಚಿಗೆ ಅನ್ನವನ್ನು ತಳ್ಳುತ್ತ ತಲೆ ತಗ್ಗಿಸಿ ಕುಳಿತವಳನ್ನು ನೋಡಿದೆ. ಸರ್ಜರಿಯೆಲ್ಲ ಸರಿಯಾಗಿ ಮುಗಿದ ಮೇಲೂ ಕೆಲವರು ಹಾಸಿಗೆಯಿಂದ ಕಾಲು ಕೆಳಗಿಡಲು ಒಪ್ಪುವುದಿಲ್ಲ. ನಾಳೆ, ನಾಳೆ ಎನ್ನುತ್ತಾರೆ. ಅಂಥವರ ವಿಷಯದಲ್ಲಿ ವಾರ್ಡಿನ ನರ್ಸುಗಳಿಗೆ ಇರುವ ಭಯ ಬೇರೆಯದು: ಇವರು ಇನ್ನು ಏಳುವುದೇ ಇಲ್ಲವೇನೋ ಎಂದು. ಅದು ಆವತ್ತು ನನಗೆ ಬಂತು. ಮೊದಲಿನದೇನೂ ಹೋಗಲಿಲ್ಲ. ಇದು ಅದರ ಪಕ್ಕದಲ್ಲಿ ಬಂದು ಕೂತಿತು.

“ಕೈ ತೊಳ್ಕೋ,” ಎಂದೆ. “ಸಾಹೇಬರ ಅಂಗಡಿಗೆ ಹೋಗೋಣ.”

ಸಾಹೇಬರು ನಡೆದದ್ದನ್ನೆಲ್ಲ ಕೇಳಿದರು. ಅವರಿಗೂ ನಗು ಬರಲಿಲ್ಲ. “ಆ ಗುಡ್ಡಕ್ಕ ಮೂರು ತಗೊಂಡ ಹೋದ್ರೇನ್ರಿ? ನೀವು ಗ್ರೋಸರಿ ಅಂದಿದ್ರಿ. ನಾನೂ ಇನ್ನ ಒಂದ ಮಾತ ಕೇಳಬೇಕಾಗಿತ್ತು.”

“ಮೂರೂವರೆ ಹಾಕಿ ಸಾರ್,” ಎಂದಳು ತಂಗಿ, ನೆಲ ನೋಡುತ್ತ. “ಸುಮ್ನೆ, ಮಾರೋಕೆ ಅನುಕೂಲ ಆಗ್ಲಿ.”

“ನಾಲ್ಕು ಹಾಕಿದರೆ ಆ ಏರಿನಲ್ಲಿ ನಿಂತು ಹೊರಡುತ್ತಾ?” ನಾನು ಕೇಳಿದೆ.

“ಹೊರಡ್ತದ. ಇಳಿಯೋವಾಗೂ ಎಂಜಿನ್ ಹಿಡಿದ ಇಳಸ್ತದ, ಬ್ರೇಕಿಗೆ ಭಾರ ಕಡಿಮಿ. ಆದ್ರ ಫ್ರೀವೇದಾಗ ಒದರ್ತದ ಅಂತ ಆವತ್ತ ಹೇಳೀನಲ್ಲ, ನಿಮಗ ಹೆದರಿಕಿ ಆದೀತು.”

“ಆಗುತ್ತೆ. ಆಗಲಿ. ನಾಲ್ಕೇ ಹಾಕಿ. ಹ್ಯಾಂಡ್ ಬ್ರೇಕೂ ಸರಿ ಮಾಡಿಕೊಡಿ.”

“ಮೈಲೇಜ್ ಬ್ಯಾಡೇನ್ರಿ, ಅಕ್ಕಾರ?”

“ಬೇಡ.”

ತಂಗಿ ತಲೆ ಎತ್ತಿ ನನ್ನನ್ನು ನೋಡಿದಳು. ಹೊರಗಿನವರ ಮುಂದೆ ಎದುರಾಡಲಿಲ್ಲ.

ಅಚ್ಚು ಬದಲಾಗಿ ಬಂದ ಮೇಲೂ ಅವಳು ಕಾರಿನ ಹತ್ತಿರ ಹೋಗಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ನಾನೇ ಹೊದಿಕೆ ಎಳೆದು ಮಡಚಿಟ್ಟು, ಮರದ ತುಂಡು ಹಿಡಿದು ಪಕ್ಕದ ಸೀಟಿನಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಅವಳು ಜಾಕೆಟ್ಟು ಹಾಕಿಕೊಂಡು ಬಂದಳು. ಪ್ಲೆಸೆಂಟನ್ ಕಡೆಗೆ ಹೊರಟೆವು. ಅತ್ತ ಹೋಗುವ ಫ್ರೀವೇ ಗುಡ್ಡ ಏರುತ್ತದೆ. ಏರಿನ ನಡುವೆ ಟ್ರಾಫಿಕ್ಕು ಕಟ್ಟಿಕೊಂಡು ಎಲ್ಲರೂ ನಿಂತರು. ನಾವೂ ನಿಂತೆವು. ಹಿಂದೆ ಲಾರಿ. ಅವಳ ಕೆನ್ನೆಯ ಬಣ್ಣ ಇಳಿಯಿತು. ನಾನು ಮರವನ್ನು ಮಡಿಲಿಗೆ ಎತ್ತಿಕೊಂಡೆ.

ಮುಂದಿನ ಕಾರು ಸರಿಯಿತು.

“ಹ್ಯಾಂಡ್ ಬ್ರೇಕು,” ಎಂದೆ.

“ಹ್ಯಾಂಡ್ ಬ್ರೇಕು.” ಎಳೆದಳು. ಹಿಡಿಯಿತು.

“ಕ್ಲಚ್ಚು.”

“ಕ್ಲಚ್ಚು.”

“ಹೊರಡು.”

“ಹೊರಟೆ,” ಎಂದಳು ಹ್ಯಾಂಡ್ ಬ್ರೇಕು ಇಳಿಸಿ. ಮಾತು ಮುಗಿಯುವುದರೊಳಗೆ ಕಾರು ಹೊರಟಿತ್ತು. ನಡುಗಲಿಲ್ಲ, ಜಾರಲಿಲ್ಲ, ಲಾರಿ ಹಿಂದೆ ಉಳಿಯಿತು. ಟ್ರಾಫಿಕ್ಕು ಬಿಡಿಸಿಕೊಂಡಿತು. ಎಂಜಿನ್ನಿನ ಕೂಗು ಏರುತ್ತ ಏರುತ್ತ ನನ್ನ ಹಲ್ಲಿನವರೆಗೆ ಬಂತು. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂದು ತೋರಿಸುವ ಮೀಟರಿನಲ್ಲಿ ಮುಳ್ಳು ಏರುತ್ತಿತ್ತು; ಅದರಿಂದ ಕಣ್ಣು ಕೀಳಲಾರದೆ ಕೂಗಿದೆ:

“ಮೂರು ಸಾವಿರ!”

ಅವಳ ಕಣ್ಣು ರಸ್ತೆಯ ಮೇಲೇ ಇತ್ತು.

“ತಿರುಗಿ ಹೇಳೇ! ಮೂರು ಸಾವಿರ!”

“ಮೂರು ಸಾವಿರ!” ಎಂದು ಅವಳು ಗಾಳಿಯನ್ನು ಮೀರಿ ಕೂಗಿದಳು. ಕೂಗಿ, ನಕ್ಕು, ಕಾಲನ್ನು ಇನ್ನಷ್ಟು ಒತ್ತಿದಳು. ನಾನು ಮರದ ತುಂಡನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡೆ.